ಈಚೆಗೆ ಏನು ಓದಿದಿರಿ? ನಿಮ್ಮ ಸೀಮೆಯ ಮಾತಿರುವ ಒಂದು ಪುಸ್ತಕ ಹೇಳಿ

ಬಸವನಗುಡಿ ಓದುಗಿ:

ಎಲ್ಲರಿಗೂ ನಮಸ್ಕಾರ. ಮೊನ್ನೆ ಶ್ರೀನಿವಾಸ ವೈದ್ಯರ ‘ಹಳ್ಳ ಬಂತು ಹಳ್ಳ’ ಓದಿ ಮುಗಿಸಿದೆ. ನವಲಗುಂದದ ಒಂದು ಮನೆತನದ ಕಥೆ. ತಲೆಮಾರುಗಳು ಬರುತ್ತವೆ, ಹೋಗುತ್ತವೆ. ದೇಶದಲ್ಲಿ ದೊಡ್ಡ ದೊಡ್ಡ ಸಂಗತಿಗಳು ನಡೆಯುತ್ತಿರುತ್ತವೆ. ಅದರ ಸದ್ದು ಈ ಮನೆಯ ಪಡಸಾಲೆಗೂ ಅಡುಗೆಮನೆಗೂ ಬಂದು ಮುಟ್ಟುತ್ತದೆ. ನನ್ನನ್ನು ಹಿಡಿದು ಕೂರಿಸಿದ್ದು ಕಥೆಗಿಂತ ಜಾಸ್ತಿ ಅಲ್ಲಿಯ ಮಾತು. ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ. ಧಾರವಾಡ ಸೀಮೆಯ ಕನ್ನಡ ಕಿವಿಗೆ ಬಿದ್ದದ್ದು ಸಿನಿಮಾ, ನಾಟಕಗಳಲ್ಲಿ ಅಷ್ಟೇ. ಮೊದಲ ಕೆಲವು ಪುಟ ನಿಧಾನಕ್ಕೆ ಸಾಗಿದವು. ಆಮೇಲೆ ಕಿವಿ ಹೊಂದಿಕೊಂಡಿತು. ಆ ಮನೆಯ ಹೆಂಗಸರು ಬೈಯುವುದು, ಮುದ್ದು ಮಾಡುವುದು, ಕಷ್ಟದಲ್ಲೂ ನಗುವುದು ಎಲ್ಲ ಪಕ್ಕದ ಕೋಣೆಯಿಂದ ಕೇಳಿಸತೊಡಗಿತು.

ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ. ಯಾರಾದರೂ ‘ಏನು ಓದಲಿ?’ ಎಂದು ಕೇಳಿದರೆ ನಾವೆಲ್ಲ ಅವೇ ಹತ್ತು ಹೆಸರು ಹೇಳುತ್ತೇವೆ, ಅಲ್ವಾ? ಹಳೇ ಮೈಸೂರಿನವರು ಬಳ್ಳಾರಿಯ ಕಾದಂಬರಿ ಕೈಗೆತ್ತಿಕೊಳ್ಳುವುದು ಕಡಿಮೆ. ಕರಾವಳಿಯವರ ಕಪಾಟಿನಲ್ಲಿ ಕಲಬುರಗಿ ಸಿಗುವುದು ಕಷ್ಟ. ಒಂದೇ ಭಾಷೆ ಆಡುವವರು ಒಬ್ಬರ ಮನೆಯ ಮಾತು ಇನ್ನೊಬ್ಬರು ಕೇಳದೆ ಇರುವುದು ನನಗೆ ಬೇಸರದ ವಿಷಯ.

ಹಾಗಾಗಿ ನಿಮ್ಮ ಊರಿನ, ನಿಮ್ಮ ಸೀಮೆಯ ಕನ್ನಡ ಜೀವಂತವಾಗಿರುವ ಒಂದು ಪುಸ್ತಕ ಹೇಳಿ. ಸುಮ್ನೆ ಹೆಸರು ಹಾಕಿ ಹೋಗಬೇಡಿ. ಹೊರಗಿನವರು ಎಲ್ಲಿಂದ ಹಿಡಿಯಬೇಕು, ಯಾರಿಗೆ ಹಿಡಿಸುತ್ತದೆ ಅನ್ನುವುದನ್ನೂ ಬರೆಯಿರಿ. ಕೊನೆ ಮಾತ್ರ ಹೇಳಬೇಡಿ.

ಸಾಧನಕೇರಿ:

ನಮ್ಮ ಕಡೆಯ ಪುಸ್ತಕದಿಂದಲೇ ಶುರುವಾಯಿತು ನೋಡ್ರಿ, ಖುಷಿ ಆಯಿತು. ‘ಹಳ್ಳ ಬಂತು ಹಳ್ಳ’ಕ್ಕೆ 2008ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ಮನೆಯಲ್ಲಿ ಅದನ್ನು ಒಬ್ಬರು ಓದುವುದು, ಉಳಿದವರು ಕೇಳುವುದು ನಡೆಯುತ್ತಿತ್ತು. ನಮ್ಮ ಅತ್ತೆಗೆ ಕಣ್ಣು ಮಂಜಾಗಿದ್ದವು. ಕೆಲವು ಪುಟ ಅವರು ಮತ್ತೆ ಮತ್ತೆ ಓದಿಸಿಕೊಂಡರು. ನಿಮ್ಮಂಥ ಹೊಸಬರಿಗೂ ಅದೇ ಹೇಳುತ್ತೇನೆ. ಜೋರಾಗಿ ಓದಿರಿ. ಕಣ್ಣಿಗೆ ತೊಡಕಾಗುವ ಸಾಲು ಬಾಯಿಗೆ ಬಂದಾಗ ಸಲೀಸಾಗುತ್ತದೆ.

ಅದು ಹಿಡಿಸಿದ್ದರೆ ಮುಂದೆ ರಾವಬಹಾದ್ದೂರರ ‘ಗ್ರಾಮಾಯಣ’ ಓದಿ. ಅಲ್ಲಿ ನಾಯಕ ಅಂತ ಒಬ್ಬನಿಲ್ಲ, ಇಡೀ ಹಳ್ಳಿಯೇ ನಾಯಕ. ವೈದ್ಯರಲ್ಲಿ ಸಿಗುವ ನಗು ಇಲ್ಲಿ ಕಡಿಮೆ. ಜಗಳ, ಹೊಟ್ಟೆಕಿಚ್ಚು, ರೋಗ, ರಾಜಕೀಯ ಒಂದರ ಮೇಲೊಂದು ಬಂದು ಊರು ಕುಸಿಯುತ್ತದೆ. ಮನಸ್ಸು ಗಟ್ಟಿ ಇದ್ದಾಗ ಓದುವ ಪುಸ್ತಕ.

ನಾಟಕ, ರಂಗಭೂಮಿ ಇಷ್ಟ ಇದ್ದವರಿಗೆ ಗಿರೀಶ ಕಾರ್ನಾಡರ ಆತ್ಮಕಥೆ ‘ಆಡಾಡತ ಆಯುಷ್ಯ’ ಇದೆ. 2011ರಲ್ಲಿ ಬಂತು. ಧಾರವಾಡದ ಮನೋಹರ ಗ್ರಂಥಮಾಲೆಯ ಪ್ರಕಟಣೆ. 1933ರಲ್ಲಿ ಶುರುವಾದ ಪ್ರಕಾಶನ ಅದು. ಸುಭಾಸ ರಸ್ತೆಯ ಅವರ ‘ಅಟ್ಟ’ಕ್ಕೆ ಒಮ್ಮೆ ಹತ್ತಿ ಬನ್ನಿ. ಕನ್ನಡದ ಎಷ್ಟೋ ದೊಡ್ಡ ಬರಹಗಾರರು ಕೂತು ಹರಟಿದ ಜಾಗ.

ಕಪಿಲಾ ತೀರ:

ನಾನು ನಂಜನಗೂಡು ಕಡೆಯವನು. ನಮ್ಮ ಕಡೆಗೆ ದೇವನೂರ ಮಹಾದೇವ. ಆದರೆ ಎಲ್ಲರೂ ‘ಕುಸುಮಬಾಲೆ’ಯನ್ನೇ ಮೊದಲು ಕೊಡುತ್ತಾರೆ, ಓದುವವರು ಬೆಚ್ಚಿ ಬಿಟ್ಟುಬಿಡುತ್ತಾರೆ. ಮೊದಲು ‘ಒಡಲಾಳ’ ಓದಿ. ತುಂಬ ಚಿಕ್ಕದು. ಸಾಕವ್ವ ಅಂತ ಒಬ್ಬ ಮುದುಕಿ. ಅವಳ ಹುಂಜ ಕಳೆದುಹೋಗಿದೆ. ಅದನ್ನು ಹುಡುಕುತ್ತಾ ಊರೆಲ್ಲ ಸುತ್ತುತ್ತಾಳೆ. ಅಷ್ಟೇ ಕಥೆ ಅನ್ನಿಸುತ್ತದೆ. ಆದರೆ ಆ ಮನೆಯೊಳಗೆ ಹೋದ ಮೇಲೆ ಹಸಿವು ಅಂದರೆ ಏನು, ಮಾನ ಅಂದರೆ ಏನು ಅನ್ನುವುದು ಮೈಗೆ ತಾಗುತ್ತದೆ.

ರಾತ್ರಿ ಇಡೀ ಮನೆಮಂದಿ ಸುತ್ತ ಕೂತು ಕಡಲೆಕಾಯಿ ತಿನ್ನುವ ಭಾಗವೊಂದಿದೆ. ಕದ್ದು ತಂದ ಕಡಲೆಕಾಯಿ ಅದು. ಬೆಳಗಾಗುವುದರೊಳಗೆ ಖಾಲಿಯಾಗಬೇಕು. ತಿನ್ನುವುದೊಂದು ಹಬ್ಬ, ಅದರ ಜೊತೆಗೇ ಒಂದು ಭಯ. ಬಡತನದ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಬರೆದಿದ್ದಾರೆ. ಬಡವರು ಒಟ್ಟಿಗೆ ಕೂತು ಖುಷಿಪಡುವುದನ್ನು ಇಷ್ಟು ಚೆನ್ನಾಗಿ ಬರೆದವರನ್ನು ನಾನು ಬೇರೆ ಕಂಡಿಲ್ಲ. ಆ ಮಾತು ನಮ್ಮಜ್ಜಿ ಆಡುತ್ತಿದ್ದ ಮಾತು. ಶಾಲೆಯಲ್ಲಿ ಹಾಗೆ ಮಾತಾಡಿದರೆ ತಿದ್ದುತ್ತಿದ್ದರು. ಅದೇ ಮಾತು ಅಚ್ಚಿನಲ್ಲಿ ಕಂಡಾಗ ಎದೆ ತುಂಬಿ ಬಂತು.

ಪುಟ ಮಡಚುವವ:

ಕಪಿಲಾ ತೀರ ಅವರೇ, ‘ಕುಸುಮಬಾಲೆ’ ನನ್ನ ಮೇಜಿನ ಮೇಲೆ ಇದೆ. ಶುರು ಮಾಡುವುದು, ನಿಲ್ಲಿಸುವುದು ಇದೇ ಆಗಿದೆ. ಹೇಗೆ ಓದಬೇಕು ಹೇಳಿ.

ಕಪಿಲಾ ತೀರ:

ಕಥೆ ಎಲ್ಲಿ, ಯಾರು ಯಾರ ಮಗ ಅಂತ ಮೊದಲ ಸಲ ಹುಡುಕಬೇಡಿ. ಸಾಧನಕೇರಿಯವರು ಹೇಳಿದ ಹಾಗೆ ಬಾಯಿಬಿಟ್ಟು ಓದಿ. ಅದರ ಗದ್ಯಕ್ಕೆ ನಮ್ಮ ಕಡೆಯ ಮಂಟೇಸ್ವಾಮಿ, ಮಾದಪ್ಪನ ಕಥೆ ಹಾಡುವವರ ಲಯ ಇದೆ. ರಾತ್ರಿ ಜೋತಮ್ಮಗಳು, ಅಂದರೆ ದೀಪದ ಜ್ಯೋತಿಗಳು, ಒಂದೆಡೆ ಸೇರಿ ಮಾತಾಡುವ ಭಾಗದಿಂದ ಶುರು ಮಾಡಿದರೂ ನಡೆಯುತ್ತದೆ. ಅದು ಹಿಡಿಸಿದರೆ ಉಳಿದದ್ದು ತಾನಾಗಿ ಬರುತ್ತದೆ. ಎರಡನೇ ಸಲ ಓದುವಾಗ ಸಂಬಂಧಗಳೆಲ್ಲ ಬಿಡಿಸಿಕೊಳ್ಳುತ್ತವೆ. ಪುಸ್ತಕ ಸಣ್ಣದು, ಎರಡು ಸಲ ಓದುವುದು ಭಾರವಲ್ಲ.

ಆಗುಂಬೆ ಮಳೆ:

ನಾನು ತೀರ್ಥಹಳ್ಳಿ ಸೀಮೆಯವಳು. ಹೇಳುವುದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. ಎಲ್ಲರಿಗೂ ಗೊತ್ತಿರುವ ಹೆಸರೇ. ಆದರೆ ಹೆಸರು ಗೊತ್ತಿರುವವರು ಎಷ್ಟೋ, ಪೂರ್ತಿ ಓದಿದವರು ಅದರಲ್ಲಿ ಎಷ್ಟು ಅನ್ನುವುದು ನನ್ನ ಪ್ರಶ್ನೆ. 1967ರಲ್ಲಿ ಬಂದ ಪುಸ್ತಕ. ಕಥೆ ನಡೆಯುವುದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ. ನಾಯಿಗುತ್ತಿ ತನ್ನ ಹುಲಿಯನ ಜೊತೆ ಕಾಡು ಹಾದಿಯಲ್ಲಿ ಹೊರಡುವುದರಿಂದ ಶುರು. ಹುಲಿಯ ಅಂದರೆ ಅವನ ನಾಯಿ. ಗುತ್ತಿ ಹೋಗುತ್ತಿರುವುದು ತಿಮ್ಮಿಯನ್ನು ಹಾರಿಸಿಕೊಂಡು ಬರಲು. ಅವನು ಎದುರಾದವರ ಜೊತೆ ನಿಂತು ಮಾತಾಡುತ್ತಾನೆ. ಲೇಖಕರು ಅವನನ್ನು ಅಲ್ಲೇ ಬಿಟ್ಟು ಆ ಎದುರಾದವರ ಹಿಂದೆ ಹೋಗಿಬಿಡುತ್ತಾರೆ. ಹೀಗೆ ಕವಲೊಡೆಯುತ್ತಾ ಒಂದು ಇಡೀ ಲೋಕ ಎದ್ದು ನಿಲ್ಲುತ್ತದೆ. ಗೌಡರು, ಹಳೆಪೈಕದವರು, ಬೇಲರು, ಹೊಲೆಯರು, ಪಾದ್ರಿ, ಘಟ್ಟದ ಕೆಳಗಿನಿಂದ ಬಂದ ಸೇರೆಗಾರರು. ಒಬ್ಬೊಬ್ಬರ ಮಾತೂ ಬೇರೆ ಬೇರೆ.

ಓದುವ ಕ್ರಮ ಹೇಳುತ್ತೇನೆ. ಒಂದು ಹಾಳೆ ಇಟ್ಟುಕೊಳ್ಳಿ. ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ, ಮೇಗರವಳ್ಳಿ ಅಂತ ಊರಿನ ಹೆಸರು ಬಂದಾಗೆಲ್ಲ ಬರೆದು, ಯಾರ ಮನೆ ಎಲ್ಲಿ ಅಂತ ಗುರುತು ಮಾಡಿ. ನೂರು ಪುಟ ಆಗುವಷ್ಟರಲ್ಲಿ ಆ ಕಾಡಿನ ಹಾದಿ ನಿಮಗೆ ಗೊತ್ತಾಗಿರುತ್ತದೆ. ಆಮೇಲೆ ಹಾಳೆ ಬೇಕಾಗುವುದಿಲ್ಲ. ಮಳೆಗಾಲ ಇದಕ್ಕೆ ಸರಿಯಾದ ಕಾಲ. ದಿನಾ ಸ್ವಲ್ಪ ಸ್ವಲ್ಪ ಓದಿ.

2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರು ಇದನ್ನು ರಾತ್ರಿಯಿಡೀ ನಡೆಯುವ ನಾಟಕ ಮಾಡಿದರು. ಸುಮಾರು ಒಂಬತ್ತು ಗಂಟೆಯ ನಾಟಕ. ಜನ ಕಂಬಳಿ ಹೊದ್ದು ಬೆಳಗಿನವರೆಗೆ ಕೂತು ನೋಡಿದರು. ನಾಟಕ ನೋಡಿ ಬಂದು ಪುಸ್ತಕ ಹಿಡಿದವರು ನನ್ನ ಬಳಗದಲ್ಲೇ ಇದ್ದಾರೆ.

ಅಷ್ಟು ದೊಡ್ಡದು ಬೇಡ ಅನ್ನುವವರಿಗೆ ನಮ್ಮ ಕಡೆಯದೇ ‘ಫಣಿಯಮ್ಮ’ ಇದೆ. ಎಂ.ಕೆ. ಇಂದಿರಾ ಬರೆದದ್ದು, 1976. ಬಾಲ್ಯದಲ್ಲೇ ವಿಧವೆಯಾದ ಹೆಣ್ಣಿನ ಬದುಕು. ಒಂದು ಸಂಜೆಗೆ ಮುಗಿಯುತ್ತದೆ. ಮನಸ್ಸಿನಿಂದ ಹೋಗಲು ಬಹಳ ಕಾಲ ಬೇಕು. ಪ್ರೇಮಾ ಕಾರಂತರ ಸಿನಿಮಾ ನೋಡಿದವರೂ ಪುಸ್ತಕ ಓದಿ.

ರಾತ್ರಿ ಪಾಳಿ:

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಆಫೀಸಿನಲ್ಲಿ ನನ್ನ ಜೊತೆ ಇರುವ ಹುಡುಗ ಹುಡುಗಿಯರು ಕನ್ನಡ ಓದಬೇಕು ಅಂತ ಆಸೆಯಿಂದ ಕೇಳುತ್ತಾರೆ. ಅವರ ಕೈಗೆ ಏಳುನೂರು ಪುಟದ ‘ಮದುಮಗಳು’ ಕೊಟ್ಟರೆ ಮತ್ತೆ ಕನ್ನಡ ಪುಸ್ತಕದ ಕಡೆ ತಿರುಗಿ ನೋಡುವುದಿಲ್ಲ. ಪ್ರಾದೇಶಿಕ ಮಾತು ಅನ್ನುವುದು ಓದಿ ಪಳಗಿದವರಿಗೆ ಸರಿ. ಹೊಸಬರಿಗೆ ಮೊದಲು ಬೇಕಾಗಿರುವುದು ಪುಟ ತಿರುಗಿಸುವ ಆತುರ. ತೇಜಸ್ವಿ ಕೊಡಿ. ‘ಕರ್ವಾಲೊ’ ಕೊಡಿ. ಹಾರುವ ಓತಿಯನ್ನು ಹುಡುಕಿಕೊಂಡು ವಿಜ್ಞಾನಿ, ಜೇನು ಕೀಳುವ ಮಂದಣ್ಣ, ಪ್ಯಾರ, ಕರಿಯಪ್ಪ, ಜೊತೆಗೆ ಕಿವಿ ಅನ್ನುವ ನಾಯಿ ಎಲ್ಲ ಕಾಡಿಗೆ ಹೊರಡುತ್ತಾರೆ ಅಂದರೆ ಯಾರು ಬಿಡುತ್ತಾರೆ? ಅದು ಮುಗಿದರೆ ‘ಜುಗಾರಿ ಕ್ರಾಸ್’. ಆಮೇಲೆ ವಸುಧೇಂದ್ರರ ‘ತೇಜೋ ತುಂಗಭದ್ರಾ’. ಒಂದು ಕಡೆ ಪೋರ್ಚುಗಲ್‌ನ ಲಿಸ್ಬನ್, ಇನ್ನೊಂದು ಕಡೆ ವಿಜಯನಗರ, ನಡುವೆ ಹಡಗು ಮತ್ತು ಸಮುದ್ರ. ದಪ್ಪ ಪುಸ್ತಕವೇ, ಆದರೆ ನಮ್ಮ ತಂಡದ ಒಬ್ಬ ಹುಡುಗ ಮೆಟ್ರೋದಲ್ಲಿ ಹೋಗುತ್ತಾ ಬರುತ್ತಾ ಮುಗಿಸಿಬಿಟ್ಟ.

ಆಗುಂಬೆ ಮಳೆ:

‘ಕರ್ವಾಲೊ’ ಮೊದಲು ಕೊಡಬೇಕು ಅನ್ನುವುದಕ್ಕೆ ನನ್ನ ತಕರಾರಿಲ್ಲ. ಆದರೆ ದೊಡ್ಡ ಪುಸ್ತಕ ಹೊಸಬರಿಗೆ ಆಗದು ಅಂತ ನಾವೇ ತೀರ್ಮಾನ ಮಾಡುವುದು ಸರಿಯಲ್ಲ. ಅದೇ ಹುಡುಗ ಹುಡುಗಿಯರು ಇಂಗ್ಲಿಷಿನಲ್ಲಿ ಏಳೆಂಟು ಭಾಗದ ಕಾದಂಬರಿ ಓದಿ ಬಂದವರು. ಅವರಿಗೆ ಪುಟದ ಭಯ ಇಲ್ಲ. ಜೊತೆಗೆ ಓದುವವರು ಬೇಕು.

ಬಸವನಗುಡಿ ಓದುಗಿ:

ರಾತ್ರಿ ಪಾಳಿಯವರೇ, ‘ಕರ್ವಾಲೊ’ದಲ್ಲೂ ಪ್ರಾದೇಶಿಕ ಮಾತು ಇದೆಯಲ್ಲ. ಮಂದಣ್ಣನ, ಪ್ಯಾರನ ಮಾತು ತೆಗೆದು ಪುಸ್ತಕದ ಕನ್ನಡದಲ್ಲಿ ಬರೆದಿದ್ದರೆ ಆ ಕಾದಂಬರಿ ಇಷ್ಟು ಜನ ಓದುತ್ತಿದ್ದರೇ? ಆತುರ ಹುಟ್ಟಿಸುವುದಕ್ಕೂ ಅದೇ ಮಾತು ಕಾರಣ ಅಂತ ನನಗನ್ನಿಸುತ್ತದೆ. ಹೊಸಬರಿಗೆ ಏನು ಕೊಡಬೇಕು ಅನ್ನುವುದರಲ್ಲಿ ಮಾತ್ರ ನೀವು ಹೇಳಿದ ಮೂರಕ್ಕೂ ನನ್ನ ಓಟು.

ಬಿಸಿಲ ನಾಡು:

ಇಲ್ಲಿಯವರೆಗೆ ಓದಿದೆ. ಧಾರವಾಡ ಆಯಿತು, ಮೈಸೂರು ಆಯಿತು, ಮಲೆನಾಡು ಆಯಿತು. ನಮ್ಮ ಕಡೆ ಯಾರೂ ಬರಲಿಲ್ಲ. ಇದು ಇವತ್ತಿನದಲ್ಲ. ಕನ್ನಡ ಕಾದಂಬರಿಗಳ ಯಾವ ಪಟ್ಟಿ ತೆಗೆದರೂ ಕಲಬುರಗಿ, ರಾಯಚೂರು, ಬೀದರ್ ಕೊನೆಗೆ ಇರುತ್ತವೆ, ಇಲ್ಲವೇ ಇರುವುದೇ ಇಲ್ಲ. ನನಗೆ ಇದು ನಿಜವಾಗಿ ನೋವು ಕೊಡುತ್ತದೆ.

ಗೀತಾ ನಾಗಭೂಷಣ ಅವರ ‘ಬದುಕು’ ಓದಿ. ಅದಕ್ಕೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು. 2010ರಲ್ಲಿ ಗದಗದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷೆ. 2020ರಲ್ಲಿ ತೀರಿಕೊಂಡರು. ಕಲಬುರಗಿ ಕಡೆಯ ದುಡಿಯುವ ಜಾತಿಗಳ ಕೇರಿ, ಅಲ್ಲಿಯ ಹೆಂಗಸರು, ಅವರ ಬೈಗುಳ, ಅವರ ದೇವರು, ಮೈಮೇಲೆ ಬೀಳುವ ಗಂಡಸರನ್ನು ಅವರು ಎದುರಿಸುವ ರೀತಿ ಎಲ್ಲ ಈ ಕಾದಂಬರಿಯಲ್ಲಿ ಇದೆ. ಯಾವುದನ್ನೂ ತೊಳೆದು ಒಪ್ಪ ಮಾಡಿ ಬರೆದದ್ದಲ್ಲ. ಉರ್ದು, ಮರಾಠಿ ಬೆರೆತ ನಮ್ಮ ಮಾತು ಹಾಗೇ ಇದೆ. ಕುಟುಂಬದ ಕಥೆ ಇಷ್ಟಪಡುವವರು ಸಲೀಸಾಗಿ ಓದುತ್ತಾರೆ. ಪಾತ್ರಗಳು ಜಾಸ್ತಿ, ಆದರೆ ಮರೆಯುವಂಥವರಲ್ಲ.

ಬಳ್ಳಾರಿ ಕಡೆಯದು ಬೇಕಾದರೆ ಕುಂ. ವೀರಭದ್ರಪ್ಪನವರ ‘ಅರಮನೆ’. ಕುದುರೆಡವು ಅನ್ನುವ ಊರು, ಪಾಳೆಗಾರಿಕೆ ಮುಗಿಯುತ್ತಿರುವ ಕಾಲ, ಥಾಮಸ್ ಮನ್ರೋ ಸಾಹೇಬ. ಒಂದೊಂದು ವಾಕ್ಯ ಅರ್ಧ ಪುಟ ಓಡುತ್ತದೆ. ಹಬ್ಬದ ರಾತ್ರಿ ಯಾರೋ ಕೂತು ಉಸಿರು ಬಿಡದೆ ಕಥೆ ಹೇಳಿದಂತೆ. ಇದೂ ಬಾಯಿಬಿಟ್ಟು ಓದುವ ಪುಸ್ತಕವೇ.

ಸಾಧನಕೇರಿ:

ನೀವು ಹೇಳಿದ್ದು ಸರಿ. ‘ಬದುಕು’ ನಾನೂ ಓದಿಲ್ಲ. ಧಾರವಾಡದಿಂದ ಕಲಬುರಗಿ ಎಷ್ಟು ದೂರ ಅಂತ ಇಂಥದ್ದರಲ್ಲಿ ಗೊತ್ತಾಗುತ್ತದೆ. ಈ ವಾರ ಹುಡುಕುತ್ತೇನೆ.

ಪಯಸ್ವಿನಿ:

ನಾನು ಕಾಸರಗೋಡಿನವಳು, ಈಗ ಮಂಗಳೂರಿನಲ್ಲಿದ್ದೇನೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಹೇಳದೆ ಹೋಗುವುದು ಹೇಗೆ? ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ. ನಾದಿರಾಳ ಗಂಡ ರಶೀದ್ ಅವಳನ್ನು ಬಿಡಬೇಕೆಂದು ಬಯಸಿದವನಲ್ಲ. ಅವಳೂ ಬಯಸಿದವಳಲ್ಲ. ಅವಳ ತಂದೆಯ ಹಟದಿಂದ ತಲಾಕ್ ಆಗಿಬಿಡುತ್ತದೆ. ಮತ್ತೆ ಒಂದಾಗಬೇಕಾದರೆ ಅವಳು ಬೇರೊಬ್ಬನನ್ನು ಮದುವೆಯಾಗಿ ಬರಬೇಕು. ಇಲ್ಲಿಗೆ ನಿಲ್ಲಿಸುತ್ತೇನೆ. ಭಾಷೆ ತುಂಬ ಸರಳ. ಮೊದಲ ಸಲ ಕನ್ನಡ ಕಾದಂಬರಿ ಓದುವವರಿಗೂ ಕೊಡಬಹುದು. ರಾತ್ರಿ ಪಾಳಿಯವರು ತಮ್ಮ ಪಟ್ಟಿಗೆ ಸೇರಿಸಿಕೊಳ್ಳಲಿ. ಸಾರಾ 2023ರ ಜನವರಿಯಲ್ಲಿ ತೀರಿಕೊಂಡರು. ಅವರ ಪುಸ್ತಕಗಳು ಅಂಗಡಿಯಲ್ಲಿ ಕಣ್ಣಿಗೆ ಬೀಳುವ ಕಡೆ ಇರಬೇಕು ಅನ್ನುವುದು ನನ್ನ ಆಸೆ.

ಕಾಲಾವಕಾಶ ಇರುವವರಿಗೆ ಬೊಳುವಾರು ಮಹಮದ್ ಕುಂಞಿಯವರ ‘ಸ್ವಾತಂತ್ರ್ಯದ ಓಟ’. ಸಾವಿರಕ್ಕೂ ಹೆಚ್ಚು ಪುಟ. ಮುತ್ತುಪ್ಪಾಡಿ ಅನ್ನುವ ಊರಿನ ಜನರ ಮೂಲಕ ಇಡೀ ದೇಶದ ಕಥೆ.

ಹೇಮಾವತಿ:

ಪಯಸ್ವಿನಿ ಅವರ ಮಾತಿನ ಜೊತೆಗೇ ನನ್ನದು. ನಾನು ಹಾಸನದವಳು, ಬಾನು ಮುಷ್ತಾಕ್ ನಮ್ಮೂರಿನವರು. 2025ರ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಊರಿಗೆ ಊರೇ ಹಿಗ್ಗಿತು. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ನಲ್ಲಿ 12 ಕಥೆಗಳಿವೆ. ಆ ಪ್ರಶಸ್ತಿ ಸಣ್ಣಕಥೆಗಳ ಸಂಕಲನಕ್ಕೆ ಸಿಕ್ಕಿದ್ದು ಅದೇ ಮೊದಲು. ಎಷ್ಟೋ ಕನ್ನಡಿಗರು ಅದನ್ನು ಇಂಗ್ಲಿಷಿನಲ್ಲಿ ಓದಿದರು. ಅನುವಾದ ಚೆನ್ನಾಗಿದೆ. ಆದರೆ ಕನ್ನಡ ಬಲ್ಲವರು ಕನ್ನಡದಲ್ಲೇ ಓದಬೇಕು ಅಂತ ನಾನು ಹಟ ಹಿಡಿದು ಹೇಳುತ್ತೇನೆ. ಮನೆಯೊಳಗೆ ಉರ್ದು, ಬೀದಿಗೆ ಬಂದರೆ ಕನ್ನಡ ಅನ್ನುವ ನಮ್ಮೂರಿನ ಮುಸ್ಲಿಂ ಹೆಂಗಸರ ಮಾತಿನ ಹದ ಅಲ್ಲಿದೆ.

‘ಎದೆಯ ಹಣತೆ’ ಕಥೆಯಿಂದ ಶುರು ಮಾಡಿ. ಮೆಹರುನ್ ಕೂಸನ್ನು ಎತ್ತಿಕೊಂಡು ತವರಿನ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಒಳಗಿರುವವರ ಮುಖ ಹೇಗಾಗುತ್ತದೆ ಅನ್ನುವುದನ್ನು ಓದುವಾಗ ಜಾತಿ, ಧರ್ಮ ಯಾವುದೂ ನೆನಪಿರುವುದಿಲ್ಲ. ಆ ಬಾಗಿಲು ನಮ್ಮೆಲ್ಲರ ಮನೆಗಳಲ್ಲೂ ಇದೆ. ಆಮೇಲೆ ‘ಕರಿ ನಾಗರಗಳು’. ಗಿರೀಶ ಕಾಸರವಳ್ಳಿಯವರ ‘ಹಸೀನಾ’ ಸಿನಿಮಾದ ಮೂಲ ಕಥೆ ಅದು.

ಮಡಿಕೇರಿ ಮಂಜು:

ದೀಪಾ ಭಾಸ್ತಿಯವರ ಹೆಸರು ಬಂದದ್ದರಿಂದ ನಮ್ಮ ಕೊಡಗಿನ ಗೌರಮ್ಮನವರ ನೆನಪು. ಇವರ ಕಥೆಗಳನ್ನೂ ದೀಪಾ ಇಂಗ್ಲಿಷಿಗೆ ತಂದಿದ್ದಾರೆ. ಗೌರಮ್ಮ ಹುಟ್ಟಿದ್ದು 1912, ತೀರಿಕೊಂಡದ್ದು 1939. ಅಷ್ಟು ಚಿಕ್ಕ ಆಯುಸ್ಸಿನಲ್ಲಿ ವಿಧವಾ ವಿವಾಹದ ಬಗ್ಗೆ, ಹೆಣ್ಣಿನ ಆಯ್ಕೆಯ ಬಗ್ಗೆ ಎಷ್ಟು ಧೈರ್ಯವಾಗಿ ಬರೆದರು ನೋಡಿ. ಸೀಮೆಯ ಮಾತು ಅವರಲ್ಲಿ ಜಾಸ್ತಿ ಇಲ್ಲ. ಆದರೆ ಕಾಗದ ಬರೆದಂತೆ, ಗೆಳತಿಗೆ ಹೇಳಿದಂತೆ ಬರೆಯುವ ಆ ಸಲಿಗೆಗಾಗಿ ಓದಬೇಕು. ಕಥೆಗಳೆಲ್ಲ ಚಿಕ್ಕವು.

ಮಳೆಯೂರು ಡಬ್ಲಿನ್:

ನಾನು ಓದುವುದು ಹೆಚ್ಚಾಗಿ ಮೊಬೈಲಿನಲ್ಲಿ. ಮೈಲ್ಯಾಂಗ್ ಆ್ಯಪ್‌ನಲ್ಲಿ ಇ-ಪುಸ್ತಕ, ಕೇಳುಪುಸ್ತಕ ಎರಡೂ ಇರುವುದರಿಂದ ಹೊರದೇಶದಲ್ಲಿರುವ ನಮಗೆ ದೊಡ್ಡ ಅನುಕೂಲ. ಊರು ಬಿಟ್ಟವರ ಪುಸ್ತಕವೊಂದು ಸೇರಿಸುತ್ತೇನೆ, ಯಶವಂತ ಚಿತ್ತಾಲರ ‘ಶಿಕಾರಿ’. ಮುಂಬಯಿಯ ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿರುವ ನಾಗಪ್ಪ ಒಂದು ದಿನ ಇದ್ದಕ್ಕಿದ್ದಂತೆ ಅಮಾನತಾಗುತ್ತಾನೆ. ಯಾಕೆ ಅಂತ ಯಾರೂ ಹೇಳುವುದಿಲ್ಲ. 1979ರ ಕಾದಂಬರಿ, ಇವತ್ತಿನ ಯಾವ ಆಫೀಸಿಗೂ ಹೊಂದುತ್ತದೆ. ಹೊರಗೆ ಮುಂಬಯಿ, ಅವನ ಒಳಗೆ ಉತ್ತರ ಕನ್ನಡದ ಹನೇಹಳ್ಳಿ. ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳನ್ನು ಇದರ ಜೊತೆಗೆ ಓದಿದರೆ ಒಂದೇ ಊರಿನ ಎರಡು ಮುಖ ಕಾಣುತ್ತದೆ. ಕಾಯ್ಕಿಣಿಯವರ ಜನ ಚಾಳಿನವರು, ಸಿನಿಮಾ ಟಾಕೀಸಿನವರು, ಆಸ್ಪತ್ರೆಯ ವಾರ್ಡಿನವರು. ಅವರ ಮೇಲೆ ಲೇಖಕರಿಗಿರುವ ಅಕ್ಕರೆ ಓದುವವರಿಗೂ ಅಂಟುತ್ತದೆ.

ಒಂದು ಸಹಾಯ ಬೇಕು. ನನ್ನ ಮಗಳಿಗೆ ಹನ್ನೆರಡು. ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದುವುದು ಮಾತ್ರ ಕೂಡಿಸಿ ಕೂಡಿಸಿ. ಏನು ಕೊಡಲಿ?

ಸರ್ಕಾರಿ ಶಾಲೆ ಟೀಚರ್:

ತೇಜಸ್ವಿಯವರ ‘ಪರಿಸರದ ಕತೆ’ ಕೊಡಿ. ಅದರಲ್ಲಿ ‘ಕಿವಿಯೊಡನೆ ಒಂದು ದಿನ’ ಇದೆ, ‘ಮಾಸ್ತಿ ಮತ್ತು ಬೈರ’ ಇದೆ. ನಮ್ಮ ಏಳನೇ ತರಗತಿಯ ಮಕ್ಕಳಿಗೆ ನಾನು ಓದಿ ಹೇಳುವುದು ಇದನ್ನೇ. ನನ್ನ ಕ್ರಮ ಹೀಗೆ. ಮೊದಲ ಎರಡು ಪುಟ ನಾನು ಓದುತ್ತೇನೆ. ನಾಯಿ ಎಲ್ಲೋ ನುಗ್ಗಿತು, ಮುಂದೆ ಏನಾಯಿತು ಅನ್ನುವ ಕಡೆ ನಿಲ್ಲಿಸುತ್ತೇನೆ. ಪುಸ್ತಕ ಮೇಜಿನ ಮೇಲಿಟ್ಟು ಬೇರೆ ಕೆಲಸಕ್ಕೆ ಹೋಗುತ್ತೇನೆ. ಯಾರಾದರೂ ಒಬ್ಬರು ಎದ್ದು ಬಂದು ಮುಂದಿನ ಸಾಲು ಹುಡುಕಿ ಓದುತ್ತಾರೆ. ಕೂಡಿಸಿ ಓದಿದರೂ ಪರವಾಗಿಲ್ಲ, ತಿದ್ದಬೇಡಿ. ಕಥೆಯ ಆಸೆಗೆ ವೇಗ ತಾನಾಗಿ ಬರುತ್ತದೆ. ಕೇಳುಪುಸ್ತಕ ಹಾಕಿ, ಕೈಯಲ್ಲಿ ಪುಸ್ತಕ ಹಿಡಿಸಿ, ಕೇಳುತ್ತಾ ಸಾಲಿನ ಮೇಲೆ ಕಣ್ಣಾಡಿಸುವುದೂ ಒಳ್ಳೆಯ ಅಭ್ಯಾಸ.

ಮಳೆಯೂರು ಡಬ್ಲಿನ್:

ತುಂಬ ಉಪಕಾರವಾಯಿತು ಮೇಡಂ. ಈ ಭಾನುವಾರದಿಂದಲೇ ಶುರು.

ಪುಟ ಮಡಚುವವ:

ಜೋತಮ್ಮಗಳ ಭಾಗ ಓದಿದೆ. ಬಾಯಿಬಿಟ್ಟು. ಹೆಂಡತಿ ಒಳಗಿನಿಂದ ಬಂದು ಕೂತು ಕೇಳಿದಳು. ಅವಳು ಚಾಮರಾಜನಗರದವಳು. ನಾನು ತಡವರಿಸಿದ ಕಡೆಯೆಲ್ಲ ಅವಳೇ ಹೇಳಿಕೊಟ್ಟಳು. ಈಗ ಮೊದಲಿನಿಂದ ಇಬ್ಬರೂ ಓದುತ್ತಿದ್ದೇವೆ.

ಕಪಿಲಾ ತೀರ:

ಇದಕ್ಕಿಂತ ಇನ್ನೇನು ಬೇಕು!

ಬಸವನಗುಡಿ ಓದುಗಿ:

ಎಲ್ಲರೂ ಇಷ್ಟು ಪ್ರೀತಿಯಿಂದ ಬರೆದಿದ್ದೀರಿ, ನನ್ನ ಪಟ್ಟಿ ಉದ್ದವಾಗಿದೆ. ಆಗುಂಬೆ ಮಳೆಯವರು ಹೇಳಿದ ‘ಜೊತೆಗೆ ಓದುವವರು’ ಅನ್ನುವ ಮಾತು ಹಿಡಿದು ಒಂದು ಸಲಹೆ. ಮುಂದಿನ ತಿಂಗಳು ನಾವೆಲ್ಲ ಒಂದೇ ಪುಸ್ತಕ ಓದೋಣ. ಮೊದಲು ‘ಒಡಲಾಳ’, ಚಿಕ್ಕದು ಅನ್ನುವ ಕಾರಣಕ್ಕೆ. ಅದರ ನಂತರ ‘ಬದುಕು’. ಬಿಸಿಲ ನಾಡಿನವರೇ, ಕಲಬುರಗಿ ಮಾತಿನಲ್ಲಿ ನಮಗೆ ತೊಡಕಾದ ಕಡೆ ನೀವು ಇಲ್ಲೇ ಇದ್ದು ಹೇಳಿಕೊಡಬೇಕು. ಬೆಂಗಳೂರಿನ ಅಂಗಡಿಗಳಲ್ಲಿ ಅದರ ಪ್ರತಿ ಯಾರಾದರೂ ಕಂಡಿದ್ದರೆ ತಿಳಿಸಿ.

ಬಿಸಿಲ ನಾಡು:

ಖಂಡಿತ ಇರುತ್ತೇನೆ. ಕಷ್ಟ ಅನ್ನಿಸಿದ ಪುಟ ನಾನೇ ಓದಿ ರೆಕಾರ್ಡ್ ಮಾಡಿ ಕಳಿಸುತ್ತೇನೆ, ನಮ್ಮ ಕಡೆ ಹೇಗೆ ಎಳೆದು ಮಾತಾಡುತ್ತೇವೆ ಅಂತ ಕೇಳಿ. ಪ್ರತಿಗಳಿಗೆ ಇಲ್ಲಿಯ ಎರಡು ಅಂಗಡಿಯವರನ್ನು ನಾಳೆ ವಿಚಾರಿಸುತ್ತೇನೆ. ಯಾರಿಗೆಲ್ಲ ಬೇಕು ಅಂತ ಕೆಳಗೆ ಬರೆಯಿರಿ, ಒಟ್ಟಿಗೆ ತರಿಸೋಣ.

ಸಾಧನಕೇರಿ:

ನನಗೊಂದು.

ಪಯಸ್ವಿನಿ:

ನನಗೆ ಎರಡು. ಒಂದು ನಮ್ಮ ಬೀದಿಯ ಲೈಬ್ರರಿಗೆ.